ಮೇಣದಬತ್ತಿಯ ಲಿಯೊಂಟಿನಾ

ರುಮೇನಿಯಾದ ಆ ಸಣ್ಣ ಊರಿನ ಚರ್ಚಿನಲ್ಲಿ ಮೇಣದಬತ್ತಿ ಮಾರುವ ಲಿಯೊಂಟಿನಾಳನ್ನು ದಾಟಿ ದೇವರ ಹತ್ತಿರ ಹೋಗುವುದು ಯಾರಿಂದಲೂ ಆಗದ ಮಾತು. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗದಂತೆ ಸಂವಿಧಾನದಲ್ಲೇ ಬರೆಸಬೇಕೇ ಎಂದು ಸರ್ಕಾರ ಜನರ ಮತ ಕೇಳಿ, ಪಾದ್ರಿ ವಿಸಾರಿಯೋನ್ ‘ಹೌದು’ ಪರ ಪ್ರಚಾರಕ್ಕಿಳಿದ ಮೇಲಂತೂ ಅವಳ ಮೇಜು ಪಕ್ಷದ ಕಚೇರಿಯೇ ಆಗಿಹೋಯಿತು. ಮೊದಲು ಕರಪತ್ರ, ಆಮೇಲೆ ಬತ್ತಿ. ಮಂಡಿನೋವಿಗೆ ಹರಕೆ ಹೊತ್ತವರಿಗೂ, ಹೆಣದ ಜೊತೆ ಬಂದವರಿಗೂ ಅದೇ ಮಾತು: “‘ಹೌದು’ ಅನ್ನೋದರ ಮೇಲೆ ಮುದ್ರೆ ಒತ್ತಮ್ಮ, ಇಲ್ಲಾಂದ್ರೆ ನಾಳೆ ನಿನ್ನ ಮೊಮ್ಮಗ ಮೀಸೆ ಇರೋ ಹೆಂಡ್ತೀನ ಕರ್ಕೊಂಡ್ ಬರ್ತಾನೆ.” ಇದನ್ನು ಕೇಳಿದರೆ ಚರ್ಚು ಗುಡಿಸುವ ಸಾಫ್ತಾಗೆ ಮೈಯೆಲ್ಲ ಉರಿಯುತ್ತಿತ್ತು. ಲಿಯೊಂಟಿನಾಳ ಮಗ ದೋರು ದೂರದ ಕ್ಲುಜ್ ಪಟ್ಟಣದಲ್ಲಿ ಒಬ್ಬ ಗಂಡಸಿನೊಂದಿಗೆ ಸಂಸಾರ ಮಾಡಿಕೊಂಡಿರುವುದು ಊರಿಗೇ ಗೊತ್ತು. “ಅಂಥ ಮಗ ಸತ್ತ ಅಂದ್ಕೊ,” ಎಂದಿದ್ದ ಪಾದ್ರಿ, ಎಲ್ಲರೆದುರು. ಬತ್ತಿ ನೆಡಲು ಅಲ್ಲಿ ಮರಳಿನ ತಟ್ಟೆ ಎರಡು, ಬದುಕಿರುವವರಿಗೊಂದು, ಸತ್ತವರಿಗೊಂದು. ಅಂದಿನಿಂದ ಪ್ರತಿ ಭಾನುವಾರ ಲಿಯೊಂಟಿನಾ ದೋರುವಿನ ಹೆಸರಿನ ಬತ್ತಿಯನ್ನು, ಊರೆಲ್ಲ ನೋಡುವಂತೆ, ಸತ್ತವರ ತಟ್ಟೆಯಲ್ಲಿ ನೆಡುತ್ತಿದ್ದಳು. ಪಾದ್ರಿ ಮೆಚ್ಚಿ ತಲೆದೂಗುತ್ತಿದ್ದ. ಆ ತಲೆಗೆ ಪೊರಕೆಯಲ್ಲೇ ಬಾರಿಸಬೇಕು ಎನಿಸುತ್ತಿತ್ತು ಸಾಫ್ತಾಗೆ. ಮತದಾನದ ದಿನ, ಪೂಜೆ ಮುಗಿಸಿ ಪಾದ್ರಿ ಒಳಗೆ ಹೋದದ್ದೇ ತಡ, ಲಿಯೊಂಟಿನಾ ಅತ್ತಿತ್ತ ನೋಡಿ, ಸತ್ತವರ ತಟ್ಟೆಯಲ್ಲಿ ಉರಿಯುತ್ತಿದ್ದ ದೋರುವಿನ ಬತ್ತಿಯನ್ನು ಕಿತ್ತು, ಗಾಳಿಗೆ ಅಂಗೈ ಅಡ್ಡ ಹಿಡಿದು, ಬದುಕಿರುವವರ ತಟ್ಟೆಗೆ ತಂದು ನೆಟ್ಟಳು. ತಿರುಗಿದರೆ ಕಂಬದ ಪಕ್ಕದಲ್ಲಿ ಸಾಫ್ತಾ, ಕೈಯಲ್ಲಿ ಪೊರಕೆ. ಲಿಯೊಂಟಿನಾ ಬೆರಳಿಗಂಟಿದ ಮೇಣ ಕೆರೆಯುತ್ತ ಕರಪತ್ರ ಚಾಚಿದಳು: “ಇನ್ನೂ ವೋಟಿಗೆ ಹೋಗಿಲ್ವಾ ಸಾಫ್ತಾ? ‘ಹೌದು’ ಅಂತ್ಲೇ ಒತ್ತು. ನಮ್ಮ ಮಕ್ಕಳು ಉಳೀಬೇಕಲ್ವಾ.”