ನಕ್ಷೆ ಓದಿದ ನೆಗೆಣ್ಣಿ

ಕೊಟ್ಟೂರಿನ ಹೈಸ್ಕೂಲಿನಲ್ಲಿ ನಾನು ಸಮಾಜವಿಜ್ಞಾನದ ಟೀಚರ್. ಭಾರತದ ನಕ್ಷೆಯನ್ನು ಪುಸ್ತಕ ನೋಡದೆ ಬೋರ್ಡಿನ ಮೇಲೆ ಬಿಡಿಸುತ್ತೇನೆ. ನಮ್ಮ ಹೆಂಗಸರ ನಡಿಗೆ ಬಳಗಕ್ಕೆ ನಕ್ಷೆ ಓದಲು ಕಲಿಸುವುದಕ್ಕೆ ನಿವೃತ್ತ ಸರ್ವೇಯರ್ ಒಬ್ಬರು ಬರುತ್ತಾರೆಂದಾಗ, ಅದರಲ್ಲಿ ನಾನು ಕಲಿಯುವುದೇನಿದೆ ಎಂದುಕೊಂಡಿದ್ದೆ. ಒಬ್ಬಳೇ ಹೋಗಲು ಬೇಜಾರಾಗಿ ನನ್ನ ನೆಗೆಣ್ಣಿಯನ್ನೂ ಎಳೆದುಕೊಂಡು ಹೋದೆ. ಮೈದುನನ ಹೆಂಡತಿ ಅವಳು. ತವರು ಇಟ್ಟಿಗಿ, ಹತ್ತನೆಯ ತರಗತಿಗೇ ಓದು ಬಿಟ್ಟವಳು.

ಮೊದಲ ಭಾನುವಾರವೇ ಅವಳು, ನಕ್ಷೆಯಲ್ಲಿ ಎತ್ತರ ತೋರಿಸುವ ಕಂದು ಗೆರೆಗಳು ಒತ್ತೊತ್ತಾಗಿದ್ದ ಕಡೆ ಬೆರಳಿಟ್ಟು, "ಇಲ್ಲಿ ಗುಡ್ಡ ಭಾಳ ಕಡಿದೈತ್ರಿ, ಹತ್ತಾಕ ಆಗಂಗಿಲ್ಲ" ಎಂದಳು. ಸರ್ವೇಯರ್ ಸರ್ ಖುಷಿಯಾಗಿ ತಮ್ಮ ದಿಕ್ಸೂಚಿಯನ್ನೇ ಅವಳ ಕೈಗೆ ಕೊಟ್ಟರು. ನಾನು ಚಪ್ಪಾಳೆ ತಟ್ಟಿದೆ. ಎಲ್ಲರಿಗಿಂತ ಮೊದಲು ನಿಲ್ಲಿಸಿದೆ.

ನಾಲ್ಕನೆಯ ವಾರ ಕೂಡ್ಲಿಗಿ ಕಡೆಯ ಗುಡ್ಡಗಳಲ್ಲಿ ಪರೀಕ್ಷೆ. ಐದೈದು ಮಂದಿಯ ಗುಂಪು. ಒಂದೊಂದಕ್ಕೂ ಒಂದು ನಕ್ಷೆ, ಅದರ ಚೌಕಳಿ ಗೆರೆಗಳ ಮೇಲೆ ಎಣಿಸಿ ಜಾಗ ಹುಡುಕಲು ಒಂದು ಸಂಖ್ಯೆ. ನಮ್ಮದು ೪೬೩೪೭೨. ಅದು ಸೂಚಿಸುವ ಹಾಳುಬಾವಿಯ ಹತ್ತಿರ ಸರ್ ಕಾಯುತ್ತಿರುತ್ತಾರೆ. ನಕ್ಷೆಯನ್ನು ನಾನೇ ಹಿಡಿದುಕೊಂಡೆ. ಲೆಕ್ಕ ಹಾಕಿ, "ಈ ಕಡೆ" ಎಂದೆ.

ನೆಗೆಣ್ಣಿ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅಕ್ಕಾರ, ಮೊದ್ಲು ನಿಂತ ಗೆರಿ ಎಣಿಸ್ಬೇಕಲ್ರಿ? ಆಮ್ಯಾಲೆ ಮಲಗಿದ ಗೆರಿ. ನೀವು ತಿರುವು ಮುರುವು ಮಾಡೀರಿ."

ಅವಳು ಹೇಳಿದ್ದು ಸರಿ ಎಂದು ಆ ಕ್ಷಣವೇ ಗೊತ್ತಾಯಿತು. ಆದರೂ, "ನನಗ ಕಲಿಸಾಕ ಬರ್ತಿಯೇನು? ಸುಮ್ನ ನಡಿ" ಎಂದೆ.

ಜಾಲಿಮುಳ್ಳು ತುಳಿದು ಮುಕ್ಕಾಲು ಗಂಟೆ ನಡೆದು ನಾವು ಮುಟ್ಟಿದ್ದು ಹಳೆಯ ಕಲ್ಲುಕ್ವಾರಿಯನ್ನು. ಬಾವಿ ಇಲ್ಲ, ಸರ್ ಇಲ್ಲ. ಜೊತೆಗಿದ್ದವರು ಮುಖ ಮುಖ ನೋಡಿಕೊಂಡರು. ನಾನು ನಕ್ಷೆಯನ್ನು ನೆಗೆಣ್ಣಿಗೆ ಕೊಟ್ಟೆ. ಅವಳು ನಮ್ಮನ್ನು ನೇರ ಬಾವಿಯ ಕಟ್ಟೆಗೇ ತಂದು ನಿಲ್ಲಿಸಿದಳು.

"ಯಾರು ಓದಿದ್ದು?" ಎಂದರು ಸರ್.

ನೆಗೆಣ್ಣಿ ನನ್ನ ಮಾನ ಉಳಿಸಿಯಾಳು ಎಂದುಕೊಂಡೆ. "ಮೊದ್ಲು ಅಕ್ಕಾರು ಓದಿದ್ರು ಸರ್. ನಾ ಹೇಳಿದ್ರೂ ಕೇಳಲಿಲ್ಲ" ಎಂದಳು, ಇದ್ದದ್ದನ್ನು ಇದ್ದ ಹಾಗೆ.

ಮೂರು ದಿನ ಅಡುಗೆಮನೆಯಲ್ಲಿ ಅವಳೊಂದಿಗೆ ಮಾತಾಡಲಿಲ್ಲ. ನಾಲ್ಕನೆಯ ದಿನ ರೊಟ್ಟಿ ಬಡಿಯುತ್ತಾ, "ಅವತ್ತು ನಂಗ ಗೊತ್ತಿತ್ತು, ನೀ ಸರಿ ಅಂತ" ಎಂದೆ. ಅವಳು ತಲೆ ಎತ್ತದೆ, "ನಂಗೂ ಗೊತ್ತಿತ್ರಿ, ನಿಮಗ ಗೊತ್ತೈತಿ ಅಂತ" ಎಂದಳು.

ಈಗ ಹೊಸಬರಿಗೆ ಕಲಿಸುವವಳು ಅವಳೇ. ನನಗೂ ಚೆನ್ನಾಗಿ ಓದಲು ಬರುತ್ತದೆ. ಹೋದ ತಿಂಗಳು ಹಿರೇಹಡಗಲಿ ಕಡೆ ನಡೆದಾಗ ಎಲ್ಲರ ಮುಂದೆ ನನಗೆ ಒಂದು ಸಂಖ್ಯೆ ಕೊಟ್ಟು, ಜಾಗ ತೋರಿಸಲು ಹೇಳಿದಳು. ತೋರಿಸಿದೆ. "ಸರಿ ಐತ್ರಿ, ಅಕ್ಕಾರ" ಎಂದಳು, ನಾನು ಮಕ್ಕಳಿಗೆ ಹೇಳುವ ಧಾಟಿಯಲ್ಲೇ. ಅವಳೆಲ್ಲಾದರೂ ತಪ್ಪುತ್ತಾಳೋ ಎಂದು ದಾರಿಯುದ್ದಕ್ಕೂ ನಕ್ಷೆ ನೋಡುತ್ತಾ ಹೋದೆ. ಎಲ್ಲೂ ತಪ್ಪಲಿಲ್ಲ.