ಲಕ್ಕಪ್ಪನವರ ಮನೆಯ ಕಡೆಯ ಲೋಡು

ಅರಸೀಕೆರೆಯಲ್ಲಿ ಹಳೆ ಗೋಡೆ ಕೆಡವಿದವರು ಮೊದಲು ಹುಡುಕುವುದು ಮರಿಯಣ್ಣನವರ ಟ್ರ್ಯಾಕ್ಟರನ್ನು. ಅವರು ಲೋಡು ತುಂಬುವುದು ನಿಧಾನ. ಇಟ್ಟಿಗೆ, ಗಾರೆ ಒಂದು ಸಲ. ಮನೆಯೊಳಗಿನ ಹರಕು ಮುರುಕು ಇನ್ನೊಂದು ಸಲ. ಇಟ್ಟಿಗೆ ಚೂರು ಊರಾಚೆಯ ಕಸದ ಯಾರ್ಡಿನಲ್ಲಿ ದಾರಿ ಗಟ್ಟಿ ಮಾಡಲು ಬೇಕು. ಅದರಲ್ಲಿ ಬೇರೆ ಕಸ ಬೆರೆತಿದ್ದರೆ ಗೇಟು ಕಾಯುವ ತಿಮ್ಮಯ್ಯನವರು ಒಳಗೆ ಬಿಡುವುದಿಲ್ಲ.

ಮೊನ್ನೆ ಲಕ್ಕಪ್ಪನವರ ಹಳೆ ಅಡುಗೆಮನೆ ಕೆಡವಿದ ರಾಶಿ ಅಂಗಳದ ತುಂಬ ಬಿದ್ದಿತ್ತು. ಮರುದಿನ ಮೊಮ್ಮಗುವಿಗೆ ಹೆಸರಿಡುವ ಶಾಸ್ತ್ರ. ಶಾಮಿಯಾನಕ್ಕೆ ಬೇರೆ ಜಾಗವಿರಲಿಲ್ಲ. ಸಂಜೆಯೊಳಗೆ ಖಾಲಿ ಮಾಡಿಕೊಡುವುದಾಗಿ ಮರಿಯಣ್ಣ ಮಾತು ಕೊಟ್ಟಿದ್ದರು.

"ಅಕ್ಕಿ ಆರಿಸ್ದಂಗೆ ಆರಿಸ್ತಾ ಕೂತ್ರೆ ಕತ್ತಲಾಗೋಯ್ತದೆ ಕಣ್ರೀ," ಎಂದರು ಲಕ್ಕಪ್ಪನವರ ಹೆಂಡತಿ ಲಲಿತಮ್ಮ.

"ಆರಿಸ್ದಿದ್ರೆ ವಾಪಸ್ ಇಲ್ಲಿಗೇ ಬತ್ತದೆ ಅಮ್ಮಾ."

ಕಡೆಯದು ಇಟ್ಟಿಗೆ ಲೋಡು. ಅದು ಅರ್ಧ ತುಂಬಿದಾಗ ಲಲಿತಮ್ಮ ಕಾಫಿಗೆ ಕರೆದರು. ಮರಿಯಣ್ಣ ಕುಡಿದು ಬಂದು, ಉಳಿದದ್ದನ್ನೂ ತುಂಬಿ ಹೊರಟರು. ಲಕ್ಕಪ್ಪನವರೂ ಟ್ರ್ಯಾಕ್ಟರು ಹತ್ತಿ ಕೂತರು. ಯಾಕೆಂದು ಹೇಳಲಿಲ್ಲ.

ಗೇಟಿನಲ್ಲಿ ತಿಮ್ಮಯ್ಯ ಟ್ರೈಲರನ್ನು ಒಂದು ಸುತ್ತು ಬಂದು, ಇಟ್ಟಿಗೆ ನಡುವೆ ಇಣುಕುತ್ತಿದ್ದ ಪಟ್ಟೆ ಬಟ್ಟೆಯನ್ನು ಹಿಡಿದೆಳೆದರು.

"ಏನ್ಲಾ ಮರಿಯಣ್ಣ, ಇಟ್ಟಿಗೆಗೆ ಚಳಿ ಆಯ್ತಿತ್ತಾ? ಹಾಸಿಗೆ ಹಾಸಿದ್ದೀಯ!"

ಮರಿಯಣ್ಣ ಕೆಳಗಿಳಿದು ಬಂದು ಬಟ್ಟೆ ಮುಟ್ಟಿ ನೋಡಿದರು. ಅವರ ಲೋಡು ಒಮ್ಮೆಯೂ ವಾಪಸಾಗಿರಲಿಲ್ಲ.

"ನಾನೇ ಹಾಕ್ದೆ, ನೀನು ಕಾಫಿ ಕುಡೀವಾಗ," ಎಂದರು ಲಕ್ಕಪ್ಪ ಮೆಲ್ಲಗೆ. "ಅವಳ ತವರಿಂದು. ಬರೀ ಗಂಟು, ಬೆನ್ನು ಹಿಡ್ಕೊಳ್ತದೆ. ಬಿಸಾಕು ಅಂದ್ರೆ ಕೇಳಲ್ಲ ಕಣಯ್ಯ."

"ಬೆರಕೆ ಲೋಡು. ತಿರುಗಿಸ್ಕೋ," ಎಂದರು ತಿಮ್ಮಯ್ಯ.

"ಹಾಸಿಗೆ ತೆಗೆದ್ರೆ ಬಿಡ್ತೀಯಾ?" ಎಂದರು ಮರಿಯಣ್ಣ.

"ಒಂದು ಚಿಂದೀನೂ ಇರಬಾರ್ದು."

ಮರಿಯಣ್ಣ, ಲಕ್ಕಪ್ಪ ಇಬ್ಬರೂ ಮೇಲಿನ ಇಟ್ಟಿಗೆಗಳನ್ನು ಕೈಯಿಂದಲೇ ಕೆಳಗಿಳಿಸಿದರು. ಹಾಸಿಗೆ ಹೊರಬಂದಾಗ ಲಕ್ಕಪ್ಪ ಪಕ್ಕದ ಕಸದ ಗುಂಡಿ ತೋರಿಸಿದರು.

"ಅಮ್ಮನ್ನ ಕೇಳದೆ ನಾನು ಹಾಕಲ್ಲ," ಎಂದರು ಮರಿಯಣ್ಣ.

ಇಟ್ಟಿಗೆ ಮತ್ತೆ ತುಂಬಿ, ಒಳಗೆ ಸುರಿದು ಬಂದರು. ಖಾಲಿ ಟ್ರೈಲರಿನಲ್ಲಿ ಹಾಸಿಗೆಯೊಂದೇ ಕುಲುಕುತ್ತ ಊರಿಗೆ ಬಂತು. ಲಲಿತಮ್ಮ ಅಂಗಳ ಗುಡಿಸುತ್ತಿದ್ದರು.

"ಇದೇನ್ರೀ, ನನ್ನ ಹಾಸಿಗೆಗೆ ಯಾವೂರು ತೋರಿಸ್ಕೊಂಡು ಬಂದ್ರಿ?"

ಲಕ್ಕಪ್ಪ ಟ್ರ್ಯಾಕ್ಟರಿನ ಚಕ್ರ ನೋಡುತ್ತ ನಿಂತರು.

"ಹತ್ತಿ ಚೆನ್ನಾಗೈತೆ ಅಮ್ಮಾ," ಎಂದರು ಮರಿಯಣ್ಣ. "ಹಿಂಜಿಸಿದ್ರೆ ಸಾಕು, ಗಂಟು ಬಿಡ್ತದೆ."

"ಹಿಂಜಿಸಿ ಮಗೂಗೆ ಹಾಸಿಗೆ ಹೊಲಿಸ್ತೀನಿ. ಇವರು ಇನ್ಮೇಲೆ ಚಾಪೆ ಮೇಲೆ ಮಲ್ಕಳ್ಲಿ. ಬೆನ್ನಿಗೂ ಒಳ್ಳೇದು!"

ಇನ್ನೂ ಬೆಳಕಿತ್ತು. ಶಾಮಿಯಾನದವರು ಕಂಬ ಹೊತ್ತು ಬಂದರು. ಮರಿಯಣ್ಣ ನಗುತ್ತಲೇ ಟ್ರೈಲರನ್ನು ಹಿಂದೆ ತೆಗೆದು ಅವರಿಗೆ ಜಾಗ ಬಿಟ್ಟರು.