ಈ ನಾಳಿ ಯಾವ ನಾಳಿ?

ಅವರ ಬಲಗಿವಿ ಸದಾ ಬೆಳ್ಳಗಿರುತ್ತಿತ್ತು. ಬೇರೆ ದರ್ಜಿಗಳು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡರೆ, ಬೀದರದಂಚಿನ ನಮ್ಮ ಚಿದ್ರಿಯ ಟೇಲರ್ ಮಾಸ್ತರರು ಸೀಮೆಸುಣ್ಣದ ತುಂಡು ಸಿಕ್ಕಿಸಿಕೊಳ್ಳುತ್ತಿದ್ದರು. ಬಟ್ಟೆಗೆ ಗೆರೆ ಎಳೆಯಲು ಚಪ್ಪಟೆ ನೀಲಿ ಸುಣ್ಣ ಬೇರೆಯೇ ಇತ್ತು. ಕಿವಿಯ ಮೇಲಿನದು ಊರಿನ ಸುದ್ದಿಗೆ. ಅಂಗಡಿಯ ಎಡಬಾಗಿಲಿಗೆ ಕರಿ ಬಣ್ಣ ಬಳಿದು, ಬೀದರ, ಭಾಲ್ಕಿ, ಔರಾದಗಳಲ್ಲಿ ಎಲ್ಲಿ ಏನಿದೆ ಎಂದು ದಿನಾ ಅದರ ಮೇಲೆ ಬರೆಯುತ್ತಿದ್ದರು. ವಚನಗಾಯನ, ಕುಸ್ತಿ, ರಕ್ತದಾನ, ಊರ ಹೊರಗಿನ ಕೊಳಾರದ ಯಾವುದೋ ಕಾರ್ಖಾನೆಯಲ್ಲಿ ಕೆಲಸದ ಸಂದರ್ಶನ, ನಲ್ಲಿ ನೀರು ಬರದ ದಿನ, ಎಲ್ಲವೂ ಅಲ್ಲಿರುತ್ತಿದ್ದವು. ಬರೆಯಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಬಟ್ಟೆಯ ವಿಷಯದಲ್ಲಿ ಮಾತ್ರ ಅವರ ಮಾತು ನಂಬುವಂತಿರಲಿಲ್ಲ. ಯಾವಾಗ ಕೇಳಿದರೂ ಮಶೀನಿನಿಂದ ತಲೆ ಎತ್ತದೆ, "ನಾಳಿ ಬರ್ರಿ" ಎನ್ನುತ್ತಿದ್ದರು. ಒಂದು ಕುಪ್ಪಸಕ್ಕೆ ನಾನು ಏಳು ನಾಳೆ ಅಲೆದಿದ್ದೇನೆ. ನನ್ನ ಬಾಯಿ ಸ್ವಲ್ಪ ಜೋರು. "ಮಾಸ್ತರ್, ನಿಮ್ಮ ನಾಳಿ ಯಾವ ಪಂಚಾಂಗದಾಗ ಬರ್ತದ್ರಿ?" ಎಂದು ಕೇಳಿದರೆ ನಕ್ಕು, "ದರ್ಜಿ ನಾಳಿ ಬ್ಯಾರೆ ಇರ್ತದ ಬಾಯಿ. ಬಾಗಿಲ ಮ್ಯಾಲಿಂದು ನೋಡ್ರಿ, ಅದು ಖರೇ" ಎನ್ನುತ್ತಿದ್ದರು. ಹೆಂಗಸರನ್ನೆಲ್ಲ ಅವರು ಬಾಯಿ ಎಂದೇ ಕರೆಯುತ್ತಿದ್ದರು.

ಆ ಖರೇ ಬಾಗಿಲೇ ಒಮ್ಮೆ ನನಗೆ ಮೋಸ ಮಾಡಿತು.

ಆಗ ನಾನು ಕೊಳಾರದಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತ ಚಿದ್ರಿಯಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದಿದ್ದೆ. ಅವ್ವ ಔರಾದದ ಹತ್ತಿರದ ಹಳ್ಳಿಯಲ್ಲಿ ಅಣ್ಣನ ಮನೆಯಲ್ಲಿದ್ದಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತನ್ನ ಕುರಿಗಳನ್ನು ಕಿವಿ ಮುಟ್ಟಿ ಗುರುತಿಸುವ ಸ್ಥಿತಿಗೆ ಬಂದಿದ್ದಳು. ಅದಕ್ಕಿಂತ ಹೆಚ್ಚು ಅವಳನ್ನು ಸುಟ್ಟದ್ದು ಓದಲಾಗದೆ ಹೋದ ವಚನದ ಪುಸ್ತಕ. ಅದನ್ನು ಓದಲೆಂದೇ ನಡುವಯಸ್ಸಿನಲ್ಲಿ ಅಕ್ಷರ ಕಲಿತವಳು ಅವಳು. "ಕಲ್ತಿದ್ದು ಕಲ್ತಂಗೇ ಹೋಯ್ತಲ್ಲವ್ವ" ಎಂದು ಫೋನಿನಲ್ಲಿ ಅಳುತ್ತಿದ್ದಳು. ಹೇಗಾದರೂ ಮಾಡಿ ಅವಳನ್ನು ಉಚಿತ ಕಣ್ಣಿನ ಶಿಬಿರಕ್ಕೆ ಕರೆದೊಯ್ಯಬೇಕೆಂದು ನಾನು ಹಟ ಹಿಡಿದಿದ್ದೆ, ಮಾಸ್ತರರಿಗೂ ಹೇಳಿಟ್ಟಿದ್ದೆ.

ಒಂದು ದಿನ ಕೆಲಸ ಬಿಟ್ಟು ಬರುವಾಗ ಬಾಗಿಲ ಮೇಲೆ, "ಭಾಲ್ಕಿ, ಕಣ್ಣಿನ ಶಿಬಿರ, ಪರವಾ" ಎಂದಿತ್ತು. ಮಾಸ್ತರರ ಮನೆಮಾತು ಮರಾಠಿ. ಮರಾಠಿಯಲ್ಲಿ ಪರವಾ ಎಂದರೆ ನಾಡಿದ್ದೂ ಹೌದು, ಮೊನ್ನೆಯೂ ಹೌದು. ಬಾಯಲ್ಲಿ ಹೇಳುವಾಗ ಹಿಂದೆ ಮುಂದೆ ಮಾತು ಸೇರಿ ಅರ್ಥವಾಗುತ್ತದೆ. ಬಾಗಿಲಿಗೆ ಹಿಂದೂ ಇಲ್ಲ, ಮುಂದೂ ಇಲ್ಲ. ನನಗೆ ಆಗ ಗೊತ್ತಿದ್ದುದು ಮೊನ್ನೆ ಎಂಬುದೊಂದೇ. ಮೊನ್ನೆಯೇ ಮುಗಿದಿದೆ, ಇವರು ಅಳಿಸಲು ಮರೆತಿದ್ದಾರೆ ಎಂದುಕೊಂಡು ಹಣೆ ಚಚ್ಚಿಕೊಂಡು ಮನೆಗೆ ಹೋದೆ.

ನಾಲ್ಕು ದಿನದ ಮೇಲೆ ಅವರೇ ಕೇಳಿದರು. "ಅವ್ವನ್ನ ಭಾಲ್ಕಿಗಿ ಒಯ್ದಿದ್ರೇನು?"

"ಮುಗ್ದಿದ್ದ ಶಿಬಿರಕ್ಕ ಏನ್ ಒಯ್ಲಿ?" ಎಂದೆ.

ಅವರು ಬರೆದದ್ದು ನಾಡಿದ್ದು, ನಾನು ಓದಿದ್ದು ಮೊನ್ನೆ ಎಂದು ಇಬ್ಬರಿಗೂ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ನಾನು ಬಾಯಿಗೆ ಬಂದಂತೆ ಅಂದೆ. "ಬರಿಲಿಕ್ಕ ಬರಲ್ಲಂದ್ರ ಯಾಕ ಬರೀತೀರಿ? ನಿಮ್ಮ ಒಂದು ಶಬ್ದಕ್ಕ ನಮ್ಮವ್ವ ಕುರುಡಿ ಆಗ್ಬೇಕೇನು?" ಇಂದಿಗೂ ಆ ಮಾತು ನೆನಪಾದರೆ ನಾಚಿಕೆಯಾಗುತ್ತದೆ. ಅವರು ಮಶೀನು ನಿಲ್ಲಿಸಿ ಎದ್ದು, ಒದ್ದೆ ಬಟ್ಟೆಯಿಂದ ಇಡೀ ಬಾಗಿಲು ಒರೆಸಿದರು.

"ತಪ್ಪು ನಂದು ಬಾಯಿ. ಇವತ್ತಿಂದ ನಿಮ್ಮವ್ವನ ಕಣ್ಣಿನ ಜಿಮ್ಮಾ ನಂದು" ಎಂದರು.

ಅಂದಿನಿಂದ ಆ ಬಾಗಿಲ ಮೇಲೆ ಪರವಾ ಕಾಣಲಿಲ್ಲ. ನಾಳೆ ಕೂಡ ಕಾಣಲಿಲ್ಲ. ವಾರ, ತಾರೀಖು, ಹೊತ್ತು, ಜಾಗ ನಾಲ್ಕೂ ಸಿಕ್ಕರಷ್ಟೇ ಬರೆಯುತ್ತಿದ್ದರು. ಸಿಗುವವರೆಗೆ ಸೈಕಲ್ ಹತ್ತಿ ತಿರುಗುತ್ತಿದ್ದರು. ಅವರು ವಿಚಾರಿಸುತ್ತಿದ್ದುದು ಕಾರ್ಯಕ್ರಮ ಮಾಡುವವರನ್ನಲ್ಲ, ಶಾಮಿಯಾನಾ ಹಾಕುವವರನ್ನು. "ಭಾಷಣ ಮಾಡೋರಿಗಿ ಟೈಮ್ ಗೊತ್ತಿರಲ್ಲ. ಕುರ್ಚಿ ಇಳಸೋರಿಗಿ ಗೊತ್ತಿರ್ತದ" ಎಂಬುದು ಅವರ ಸಿದ್ಧಾಂತ. ಕೈಯಲ್ಲಿದ್ದ ಪ್ಯಾಂಟು ಅರ್ಧಕ್ಕೇ ನಿಲ್ಲುತ್ತಿತ್ತು, ಗಿರಾಕಿಗಳು ಬೈಯುತ್ತಿದ್ದರು. ಮಾಸ್ತರರು ನಾಳಿ ಬರ್ರಿ ಎಂದು ಹೇಳಿ ಸೈಕಲ್ ತುಳಿಯುತ್ತಿದ್ದರು.

ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ನನ್ನ ವಾಟ್ಸಾಪಿಗೆ, "ನಾಳೆ ಬೀದರದಲ್ಲಿ ಉಚಿತ ಕಣ್ಣಿನ ಶಿಬಿರ" ಎಂದು ಬಂತು. ಓಡುತ್ತ ಹೋಗಿ ತೋರಿಸಿದೆ. ಅವ್ವನಿಗೆ ಈಗಲೇ ಬಸ್ಸು ಹತ್ತಲು ಹೇಳುತ್ತೇನೆ ಎಂದೆ. ಮಾಸ್ತರರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಈ ನಾಳಿ ಯಾವ ನಾಳಿ?"

"ಅಂದ್ರ?"

"ಯಾರು ಯಾವತ್ತು ಬರ್ದಾರೋ. ಇದು ಹೋದ ವರ್ಷದ ನಾಳಿ ಇದ್ರ? ಕಣ್ಣ ಕಾಣ್ದ ಮುದುಕಿನ್ನ ಬಸ್‌ಸ್ಟ್ಯಾಂಡಿನಾಗ ನಿಂದ್ರಸ್ತೀರೇನು? ಸ್ವಲ್ಪ ತಡೀರಿ."

ಸೈಕಲ್ ಹತ್ತಿ ಹೋಗಿ ಮಧ್ಯಾಹ್ನಕ್ಕೆ ಬಂದರು. ಬೀದರದಲ್ಲಿ ಯಾವ ಶಿಬಿರಕ್ಕೂ ಯಾರೂ ಶಾಮಿಯಾನಾದವರಿಗೆ ಒಂದು ಕುರ್ಚಿಯನ್ನೂ ಹೇಳಿರಲಿಲ್ಲ. ಅದು ಹಳೆಯ ಸಂದೇಶವೇ. ನನಗೆ ಅಳು ಬಂತು. ಮಾಸ್ತರರು ಮಾತ್ರ ಏನೋ ಸಿಕ್ಕವರ ಹಾಗೆ ಬೆವರು ಒರೆಸಿಕೊಂಡು ಕೂತರು.

"ಆದ್ರ ಔರಾದದಾಗ ಒಂದು ಅದ. ಕುರ್ಚಿ ಜೊತಿ ಕರಿ ಪರದಾನೂ ಕೇಳ್ಯಾರ. ಹಾಡ್ಕಿಗಿ, ಭಾಷಣಕ್ಕ ಕರಿ ಪರದಾ ಯಾಕ ಬೇಕು? ಕಣ್ಣ ನೋಡ್ಲಿಕ್ಕ ಕತ್ತಲ ಖೋಲಿ ಬೇಕು. ಕಣ್ಣಿನ ಶಿಬಿರನೇ ಇರ್ಬೇಕು."

ಇರಬೇಕು ಎಂದು ಬರೆಯುವವರಲ್ಲ ಈಗ ಅವರು. ಮರುದಿನ ಅಂಗಡಿ ಮುಚ್ಚಿ ಔರಾದದ ಬಸ್ಸು ಹತ್ತಿದರು. ಸಂಜೆ ಇಳಿದವರೇ ಮನೆಗೆ ಹೋಗದೆ ಬಾಗಿಲಿಗೆ ಬಂದು ವಾರ, ತಾರೀಖು, ಹೊತ್ತು, ಜಾಗ ನಾಲ್ಕನ್ನೂ ದೊಡ್ಡ ಅಕ್ಷರದಲ್ಲಿ ಬರೆದರು. ಕೆಳಗೆ "ನಾನೇ ನೋಡಿ ಬಂದೀನಿ" ಎಂದು ಸೇರಿಸಿದರು. ಅವ್ವನ ಹಳ್ಳಿಯಿಂದ ಅದು ಅರ್ಧ ಗಂಟೆಯ ದಾರಿ.

ಶಿಬಿರದಲ್ಲಿ ತಪಾಸಣೆ ಮಾಡಿ ಬೀದರಕ್ಕೆ ಕರೆಸಿಕೊಂಡು ಒಂದೊಂದಾಗಿ ಎರಡೂ ಕಣ್ಣಿನ ಪೊರೆ ತೆಗೆದರು. ಅವ್ವ ಅಂಗಡಿಗೆ ಬಂದು ಮಾಸ್ತರರನ್ನು ಮೇಲಿಂದ ಕೆಳಗೆ ನೋಡಿ, "ಕಿವಿ ತೊಳ್ಕೋರಿ, ಸುಣ್ಣ ಹತ್ತ್ಯದ" ಎಂದಳು. ಅವರು ಅಷ್ಟು ನಕ್ಕಿದ್ದನ್ನು ನಾನು ಬೇರೆಂದೂ ನೋಡಿಲ್ಲ. ಅವ್ವನಿಗೊಂದು ಕುಪ್ಪಸ ಹೊಲಿದುಕೊಡುತ್ತೇನೆಂದು ತಾವೇ ಅಳತೆ ತೆಗೆದುಕೊಂಡರು. ಯಾವಾಗ ಕೊಡ್ತೀರಿ ಎಂದು ಅವ್ವ ಕೇಳಿದಳು. ಉತ್ತರ ನಿಮಗೆ ಗೊತ್ತೇ ಇದೆ.

ಕಳೆದ ಚಳಿಗಾಲದ ಒಂದು ಬುಧವಾರ ಮಾಸ್ತರರು ಹೋದರು. ಮಶೀನಿನ ಮುಂದೆ ಕೂತಲ್ಲೇ ಹೋದರಂತೆ. ಸೊಲ್ಲಾಪುರದಿಂದ ಮಗಳು ಬರಬೇಕಾಗಿದ್ದರಿಂದ ಮಣ್ಣು ಮಾಡುವುದು ಮರುದಿನ ಎಂದಾಯಿತು. ಓಣಿಯ ಜನ ಅಂಗಡಿಯ ಮುಂದೆ ಸೇರಿದ್ದರು. ಯಾರ ಸಾವು ಇದ್ದರೂ ಬಾಗಿಲ ಮೇಲೆ ಬರೆಯುತ್ತಿದ್ದವರು ಅವರು. ಅವರದನ್ನು ಯಾರು ಬರೆಯಬೇಕು ಎಂದು ಯಾರಿಗೂ ತೋಚಲಿಲ್ಲ. ಕೊನೆಗೆ ನಾನೇ ಸುಣ್ಣ ತೆಗೆದುಕೊಂಡೆ. "ನಮ್ಮ ಮಾಸ್ತರರು ಹೋದರು. ನಾಳೆ ಮುಂಜಾನೆ ಹತ್ತಕ್ಕೆ ಮನೆಯಿಂದ" ಎಂದು ಬರೆದು ಹಿಂದೆ ಸರಿದೆ.

ಅವ್ವ ಆ ದಿನಗಳಲ್ಲಿ ನನ್ನ ಖೋಲಿಯಲ್ಲೇ ಇದ್ದಳು, ಅವಳೂ ಬಂದಿದ್ದಳು. ರಸ್ತೆಯ ಆಚೆ ನಿಂತು, ಕನ್ನಡಕದೊಳಗಿಂದ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಪೂರ್ತಿ ಓದಿದ ಮೇಲೆ ರಸ್ತೆ ದಾಟಿ ನನ್ನ ಹತ್ತಿರ ಬಂದಳು.

"ಯಾವ ನಾಳಿ?" ಎಂದಳು. "ಮಾಸ್ತರ್ ಇದ್ರ ಸುಮ್ಮ ಬಿಡ್ತಿದ್ರೇನು? ಅಳಸು. ವಾರ ಬರಿ."

ನಾನು ಅಂಗೈಯಿಂದ ಅಳಿಸಿ ಗುರುವಾರ ಎಂದು ಬರೆದೆ.